ನಾಲಗೆಯ ಅಭಿಮಾನ

ತನ್ನ ಊರನ್ನು ಯಾರಾದರೂ ಹಳಿದರೆ ಮನುಷ್ಯನು ಒಂದು ಗಳಿಗೆ ಸುಮ್ಮನಿರಬಲ್ಲ. ತನ್ನ ವಿದ್ಯೆಯನ್ನು ಹಳಿದರೆ ನಕ್ಕು ಮುಂದೆ ಸಾಗಬಲ್ಲ. ಆದರೆ ತನ್ನ ನಾಲಗೆಯ ರುಚಿಯನ್ನು ಹಳಿದರೆ ಮಾತ್ರ ಅವನಿಂದ ತಡೆದುಕೊಳ್ಳಲಾಗದು. ಹುಳಿಗೆ ಬೆಲ್ಲ ಹಾಕಬೇಕೆ ಬೇಡವೆ, ಕಾಫಿಗೆ ಚಿಕೋರಿ ಬೆರೆಸಬಹುದೆ ಕೂಡದೆ ಎಂಬ ಪ್ರಶ್ನೆಗಳ ಮೇಲೆ ಬೀಗರ ನಡುವೆ ಮಾತು ಬಿಸಿಯಾದ ಮನೆಗಳು ಕನ್ನಡನಾಡಿನಲ್ಲಿ ಎಷ್ಟಿಲ್ಲ? ಬೆಲ್ಲ ಹಾಕುವವರು ಹಾಕದವರನ್ನು ಅರಸಿಕರೆಂದು ಬಗೆಯುತ್ತಾರೆ; ಹಾಕದವರು, ಹಾಕುವವರಿಗೆ ಹುಳಿಗೂ ಪಾಯಸಕ್ಕೂ ಭೇದವೇ ತಿಳಿಯದೆಂದು ಮರುಗುತ್ತಾರೆ. ಇಬ್ಬರೂ ವಾದಿಸುತ್ತಿರುವುದು ತಂತಮ್ಮ ತಾಯಂದಿರು ಬಡಿಸಿದ ಹುಳಿಯ ಪರವಾಗಿ ಎಂಬುದು ಮಾತ್ರ ಇಬ್ಬರಿಗೂ ಮರೆತುಹೋಗಿರುತ್ತದೆ.

ಯೂರೋಪಿನ ಪಶ್ಚಿಮದ ಅಂಚಿನಲ್ಲಿ, ಕಿರಿದಾದ ಕಡಲೊಂದರ ಆಚೆಗೊಂದು ಈಚೆಗೊಂದು ಕುಳಿತಿರುವ ಐರ್ಲೆಂಡ್ ಮತ್ತು ಸ್ಕಾಟ್ಲೆಂಡ್ ದೇಶಗಳ ನಡುವೆ ಇಂಥದೇ ಒಂದು ವ್ಯಾಜ್ಯ ಬಹುಕಾಲದಿಂದ ನಡೆದುಬಂದಿದೆ. ವಿವಾದದ ವಸ್ತು ಹುಳಿಯಲ್ಲ, ವಿಸ್ಕಿ. ಯಾರದು ಮೊದಲು, ಯಾರದು ಮೇಲು ಎಂಬುದಿರಲಿ, ಆ ಪದವನ್ನು ಬರೆಯುವ ಬಗೆಯಲ್ಲಿಯೂ ಅವರಿಗೆ ಒಮ್ಮತವಿಲ್ಲ. ಇಂಗ್ಲಿಷಿನಲ್ಲಿ ಬರೆಯುವಾಗ ಐರಿಷರು ಕೊನೆಯ ಅಕ್ಷರಕ್ಕೆ ಮೊದಲು ‘ಇ’ ಎಂಬ ಅಕ್ಷರವೊಂದನ್ನು ಹೆಚ್ಚಾಗಿ ಸೇರಿಸುತ್ತಾರೆ. ಸ್ಕಾಟರು ಅದನ್ನು ಕೈಬಿಡುತ್ತಾರೆ. ಕನ್ನಡ ಲಿಪಿಯು ಎರಡನ್ನೂ ಒಂದೇ ರೀತಿಯಲ್ಲಿ ಬರೆದು, ಬುದ್ಧಿವಂತ ನ್ಯಾಯಾಧೀಶನಂತೆ ಮೌನವಾಗಿ ಇದ್ದುಬಿಡುತ್ತದೆ.

ಎರಡು ದೇಶಗಳ ಹಳೆಯ ಗೇಲಿಕ್ ಭಾಷೆಯಲ್ಲಿಯೂ ಇದರ ಪೂರ್ಣನಾಮಕ್ಕೆ ‘ಜೀವಜಲ’ ಎಂದೇ ಅರ್ಥ. ಆ ಜೋಡಿಪದದಲ್ಲಿ ‘ನೀರು’ ಎಂಬ ಅರ್ಥದ ಭಾಗವು ಜನರ ಬಾಯಲ್ಲಿ ಸವೆದು ಸವೆದು ವಿಸ್ಕಿಯಾಯಿತು. ಆದರೆ ಐರ್ಲೆಂಡಿನ ಹಳೆಯ ವೃತ್ತಾಂತವೊಂದರಲ್ಲಿ ಈ ಜೀವಜಲದ ಹೆಸರು ಕಾಣಿಸಿಕೊಳ್ಳುವುದು ಒಂದು ಮರಣವಾರ್ತೆಯಲ್ಲಿ: 1405ರಲ್ಲಿ ನಾಯಕನೊಬ್ಬನು ಕ್ರಿಸ್ಮಸ್ ಹಬ್ಬದಂದು ಅದನ್ನು ಮಿತಿಮೀರಿ ಕುಡಿದು ತೀರಿಕೊಂಡನಂತೆ. ಸ್ಕಾಟ್ಲೆಂಡಿನ ದಾಖಲೆ 1494ರದು. ರಾಜನ ಅಪ್ಪಣೆಯ ಮೇರೆಗೆ ಜೀವಜಲ ತಯಾರಿಸಲು ಜಾನ್ ಕೋರ್ ಎಂಬ ಸಂನ್ಯಾಸಿಗೆ ಎಂಟು ಬೋಲ್ ಅಳತೆಯ ಮೊಳಕೆಧಾನ್ಯ ಕೊಡಲಾಯಿತೆಂದು ಖಜಾನೆಯ ಲೆಕ್ಕಪುಸ್ತಕ ಹೇಳುತ್ತದೆ. ಒಂದು ದೇಶದ ಸಾಕ್ಷ್ಯ ಸಾವಿನದು, ಇನ್ನೊಂದರದು ಸರ್ಕಾರಿ ಖರ್ಚಿನದು. ಇವೆರಡರ ಬಲದ ಮೇಲೆ ಹಿರಿಮೆಯನ್ನು ಸ್ಥಾಪಿಸಲು ಎರಡು ಪಕ್ಷದವರೂ ಇಂದಿಗೂ ಶ್ರಮಿಸುತ್ತಾರೆ.

ತಯಾರಿಸುವ ಕ್ರಮ ಮೂಲದಲ್ಲಿ ಒಂದೇ. ಕೂಸಿಗೆ ರಾಗಿಯ ಮಾಲ್ಟ್ ಮಾಡುವ ಗೃಹಿಣಿಗೆ ಅದರ ಮೊದಲ ಭಾಗವನ್ನು ಯಾರೂ ಹೇಳಿಕೊಡಬೇಕಾದದ್ದಿಲ್ಲ. ರಾಗಿಯ ಬದಲು ಬಾರ್ಲಿಯನ್ನು ನೆನೆಹಾಕಿ, ಮೊಳಕೆ ಬರಿಸಿ, ಮೊಳಕೆ ಮುಂದುವರಿಯದಂತೆ ಕಾವಿನಲ್ಲಿ ಒಣಗಿಸಿ, ನುಚ್ಚಾಗಿ ಒಡೆದು ಬಿಸಿನೀರಿನಲ್ಲಿ ಕಲಸುತ್ತಾರೆ. ಆ ಸಿಹಿಯಾದ ತಿಳಿಯನ್ನು ಯೀಸ್ಟ್ ಹಾಕಿ ಹುಳಿಯಿಸಿ, ತಾಮ್ರದ ದೊಡ್ಡ ಹಂಡೆಯಲ್ಲಿ ಕಾಸಿ, ಏಳುವ ಆವಿಯನ್ನು ತಣಿಸಿ ಹಿಡಿಯುತ್ತಾರೆ. ಅನಂತರ ಅದು ಮರದ ಪೀಪಾಯಿಯಲ್ಲಿ ಕನಿಷ್ಠ 3 ವರ್ಷ ಮಲಗಿರಬೇಕೆಂಬುದು ಎರಡು ಕಡೆಯ ಕಾನೂನೂ ಹೌದು. ಅದಕ್ಕೆ ಮೊದಲು ಅದು ವಿಸ್ಕಿಯೆಂಬ ಹೆಸರಿಗೆ ಅರ್ಹವಲ್ಲ.

ಹಾಗಾದರೆ ಭೇದವೆಲ್ಲಿ? ಮೊದಲನೆಯದು ಒಲೆಯಲ್ಲಿ. ಸ್ಕಾಟ್ಲೆಂಡಿನ ಪಶ್ಚಿಮದ ದ್ವೀಪಗಳಲ್ಲಿ ಮರಗಳು ವಿರಳ. ಜೌಗುನೆಲದಲ್ಲಿ ಸಾವಿರಾರು ವರ್ಷ ಕೊಳೆತು ಒತ್ತಿಕೊಂಡ ಪಾಚಿ, ಹುಲ್ಲು, ಬೇರುಗಳನ್ನು ಇಟ್ಟಿಗೆಯಂತೆ ಕತ್ತರಿಸಿ ಒಣಗಿಸಿದರೆ ಪೀಟ್ ಎಂಬ ಉರುವಲಾಗುತ್ತದೆ. ಐಲಾ ದ್ವೀಪದ ಜನರು ಮೊಳಕೆಯ ಬಾರ್ಲಿಯನ್ನು ಇದರ ಹೊಗೆಯಲ್ಲಿ ಒಣಗಿಸಿದರು. ಆ ಹೊಗೆ ಧಾನ್ಯಕ್ಕೆ ಅಂಟಿ, ಹುಳಿಯುವಾಗಲೂ ಹೋಗದೆ, ಹಂಡೆಯನ್ನು ದಾಟಿ, ಪೀಪಾಯಿಯಲ್ಲಿ ಹತ್ತು ವರ್ಷ ಕಳೆದರೂ ಆರದೆ ಲೋಟದವರೆಗೆ ಬರುತ್ತದೆ. ಲಫ್ರಾಯಿಗ್, ಅರ್ಡ್‌ಬೆಗ್, ಲಾಗವುಲಿನ್ ಎಂಬ ಅಲ್ಲಿನ ಭಟ್ಟಿಗಳ ಖ್ಯಾತಿಗೆ ಆ ಹೊಗೆಯೇ ಕಾರಣ. ಐರ್ಲೆಂಡಿನ ದೊಡ್ಡ ಭಟ್ಟಿಗಳಾದರೋ ಹೊಗೆ ತಾಗದಂತೆ ಮುಚ್ಚಿದ ಗೂಡಿನಲ್ಲಿ ಧಾನ್ಯವನ್ನು ಒಣಗಿಸುವ ರೂಢಿಯನ್ನು ಹಿಡಿದವು.

ಎರಡನೆಯ ಭೇದ ಹಂಡೆಯಲ್ಲಿ. ಸ್ಕಾಟರು ಸಾಮಾನ್ಯವಾಗಿ ಎರಡು ಸಲ ಭಟ್ಟಿಯಿಳಿಸಿದರೆ ಐರಿಷರು ಮೂರು ಸಲ. ಮೂರನೆಯ ಸಲ ಕಾದಾಗ ಒರಟುತನ ಕಳೆದು ಮೃದುತ್ವ ಹೆಚ್ಚುತ್ತದೆ. ಮೂರನೆಯ ಭೇದ ಧಾನ್ಯದಲ್ಲಿ. ಐರ್ಲೆಂಡಿನ ‘ಪಾಟ್ ಸ್ಟಿಲ್’ ಎಂಬ ಜಾತಿಯ ವಿಸ್ಕಿಯಲ್ಲಿ ಮೊಳಕೆ ಬರಿಸಿದ ಬಾರ್ಲಿಯ ಜೊತೆಗೆ ಮೊಳಕೆಯಿಲ್ಲದ ಹಸಿ ಬಾರ್ಲಿಯೂ ಸೇರಿರುತ್ತದೆ. ಅದರಿಂದ ನಾಲಗೆಗೆ ಬೆಣ್ಣೆಯಂಥ ನುಣುಪೂ, ಸಣ್ಣಗೆ ಮೆಣಸಿನಂಥ ಖಾರವೂ ಒದಗುತ್ತವೆ. ಈ ಬೆರಕೆ ಬಲಗೊಂಡದ್ದು ರುಚಿಗಾಗಿಯಲ್ಲ, ಮೊಳಕೆಧಾನ್ಯದ ಮೇಲೆ ಸರ್ಕಾರ ಹೇರಿದ ತೆರಿಗೆಯಿಂದ ಪಾರಾಗುವುದಕ್ಕಾಗಿ ಎಂಬ ಮಾತು ಐರ್ಲೆಂಡಿನಲ್ಲಿ ಪ್ರಸಿದ್ಧವಾಗಿದೆ.

ಇಷ್ಟನ್ನು ಕೇಳಿದವರು, ಹೊಗೆಯಿದ್ದರೆ ಸ್ಕಾಟ್ಲೆಂಡ್, ನುಣುಪಿದ್ದರೆ ಐರ್ಲೆಂಡ್ ಎಂದು ತೀರ್ಪು ಕೊಟ್ಟುಬಿಡಬಹುದು. ಆದರೆ ಗ್ಲಾಸ್ಗೋ ನಗರದ ಹತ್ತಿರದಲ್ಲಿಯೇ ಆಕೆನ್‌ಟಾಷನ್ ಎಂಬ ಭಟ್ಟಿಯಲ್ಲಿ ಮೂರು ಸಲ ಇಳಿಸಿದ, ಹೊಗೆಯ ಸೋಂಕಿಲ್ಲದ ವಿಸ್ಕಿ ತಯಾರಾಗುತ್ತದೆ; ಐರ್ಲೆಂಡಿನಲ್ಲಿ ಕೊನೆಮಾರಾ ಎಂಬ ಹೆಸರಿನಿಂದ ಪೀಟಿನ ಹೊಗೆಯಾಡಿಸಿದ ವಿಸ್ಕಿಯೂ ದೊರೆಯುತ್ತದೆ. ದೇಶದ ಗಡಿಯನ್ನು ಹೊಗೆ ಲಕ್ಷಿಸುವುದಿಲ್ಲ.

ಈ ವ್ಯಾಜ್ಯ ಒಮ್ಮೆ ಒಂದು ಕನ್ನಡ ಮನೆಯನ್ನೂ ಹೊಕ್ಕಿತು. ಮಲೆನಾಡಿನ ಕಡೆಯ ಡಾಕ್ಟರೊಬ್ಬರು ಇಪ್ಪತ್ತು ವರ್ಷಗಳಿಂದ ಗ್ಲಾಸ್ಗೋದಲ್ಲಿ ನೆಲೆಸಿದ್ದಾರೆ. ಅವರ ತಂಗಿಯ ಗಂಡ ಡಬ್ಲಿನ್ನಿನಲ್ಲಿ ಇಂಜಿನಿಯರು. ಒಂದು ಚಳಿಗಾಲದ ರಜೆಯಲ್ಲಿ ತಂಗಿಯ ಮನೆಗೆ ಹೊರಟ ಡಾಕ್ಟರು ಐಲಾ ದ್ವೀಪದ ಸೀಸೆಯೊಂದನ್ನು ಉಡುಗೊರೆಯಾಗಿ ಒಯ್ದರು. ಆ ಮನೆಯ ಕಪಾಟಿನಲ್ಲಿ ಐರಿಷ್ ಸೀಸೆಯೊಂದು ಆಗಲೇ ಮನೆಯ ಹಿರಿಯನಂತೆ ಕುಳಿತಿತ್ತು. ಊಟಕ್ಕೆ ಮೊದಲು ಎರಡನ್ನೂ ಒಂದೊಂದು ಗುಟುಕು ನೋಡುವುದೆಂದು ತೀರ್ಮಾನವಾಯಿತು.

ಇಂಜಿನಿಯರು ಡಾಕ್ಟರ ಸೀಸೆಯ ಬಿರಡೆ ತೆಗೆದು ಮೂಸಿ ಮುಖ ಹಿಂದೆಗೆದರು. “ಇದೇನು ಭಾವ, ಟಿಂಕ್ಚರ್ ಅಯೊಡಿನ್ ತಂದುಬಿಟ್ಟಿರಾ? ರಜೆಯಲ್ಲಿಯೂ ಆಸ್ಪತ್ರೆ ನಿಮ್ಮನ್ನು ಬಿಡಲಿಲ್ಲವೇ?”

ಡಾಕ್ಟರು ಐರಿಷ್ ಲೋಟವನ್ನು ಒಂದು ಗುಟುಕು ಹೀರಿ ಕೆಳಗಿಟ್ಟರು. “ನಿಮ್ಮದು ಮಾತ್ರ ಏನು ಮಹಾ! ಮೂರು ಸಲ ಕಾಸಿ ಇದ್ದ ಗುಣವನ್ನೆಲ್ಲ ಆವಿ ಮಾಡಿ ಕಳಿಸಿದ್ದಾರೆ. ಜ್ವರದಿಂದ ಎದ್ದವನಿಗೆ ಕೊಡುವ ಗಂಜಿತಿಳಿಯ ಹಾಗಿದೆ.”

ಮಾತು ಬೆಳೆಯಿತು. ಒಬ್ಬರು ಹೊಗೆಯಲ್ಲಿ ಗಾಂಭೀರ್ಯವನ್ನು ಕಂಡರೆ ಇನ್ನೊಬ್ಬರು ನುಣುಪಿನಲ್ಲಿ ಸಂಸ್ಕಾರವನ್ನು ಕಂಡರು. ಎರಡನ್ನೂ ಮುಟ್ಟದ ಮನೆಯೊಡತಿ ತನ್ನ ಕಾಫಿಯ ಲೋಟವನ್ನು ಹಿಡಿದು ಬಂದು ಕುಳಿತು, ಸ್ವಲ್ಪ ಹೊತ್ತು ಕೇಳಿ, ಅಣ್ಣನ ಕಡೆಗೆ ತಿರುಗಿದಳು.

“ಅಣ್ಣ, ಹಾಲಿಗೆ ಎಳ್ಳಷ್ಟು ಹೊಗೆ ಹಿಡಿದರೂ ಅಮ್ಮ ಅದನ್ನು ಕಾಫಿಗೆ ಮುಟ್ಟಿಸುತ್ತಿರಲಿಲ್ಲ. ಹೊಗೆ ಹಿಡಿದ ಹಾಲು ಕುಡಿಯುವುದಿಲ್ಲವೆಂದು ರಂಪ ಮಾಡುತ್ತಿದ್ದವನು ನೀನೇ. ಈಗ ಹೊಗೆಗೆ ದುಡ್ಡು ಕೊಟ್ಟು ತರುತ್ತೀಯಲ್ಲ!”

ಡಾಕ್ಟರಿಗೆ ನಗು ಬಂದಿತು. ಆದರೆ ಉತ್ತರ ಬರಲು ಸ್ವಲ್ಪ ಹೊತ್ತಾಯಿತು. “ಇದು ಹಾಲಿನ ಹೊಗೆಯಲ್ಲ ಕಣೇ. ಅಜ್ಜನ ಮನೆಯ ಬಚ್ಚಲ ಹೊಗೆ. ಮಳೆಗಾಲದಲ್ಲಿ ಹಂಡೆಯ ಒಲೆಗೆ ಹಸಿ ಸೌದೆ ಒಡ್ಡಿದರೆ ಬಚ್ಚಲೆಲ್ಲ ಕತ್ತಲೆಯಾಗುತ್ತಿತ್ತಲ್ಲ, ಆ ಹೊಗೆ. ಅಲ್ಲಿಗೆ ಹೋದ ಮೊದಲ ವರ್ಷ ಯಾರೋ ಇದನ್ನು ಲೋಟದಲ್ಲಿ ಕೊಟ್ಟರು. ಮೂಗಿನ ಬಳಿ ಹಿಡಿದೆ, ಅಜ್ಜ ಪಂಚೆ ಮೇಲಕ್ಕೆ ಕಟ್ಟಿಕೊಂಡು ‘ನೀರು ಕಾದಿದೆ, ಬಾರೋ’ ಎಂದು ಕರೆದ ಹಾಗಾಯಿತು. ಆ ಮನೆಯನ್ನು ಮಾರಿ ಹನ್ನೆರಡು ವರ್ಷವಾಯಿತು. ಬಚ್ಚಲಿದ್ದ ಕಡೆ ಈಗ ಕಾರು ನಿಲ್ಲಿಸುತ್ತಾರಂತೆ.”

ಯಾರೂ ಮಾತನಾಡಲಿಲ್ಲ. ಕೊನೆಗೆ ಇಂಜಿನಿಯರು ಮೆಲ್ಲಗೆ ಹೇಳಿದರು: “ನನ್ನದೂ ಅಂಥದೇ ಕಥೆ, ಭಾವ. ಡಬ್ಲಿನ್ನಿಗೆ ಬಂದ ಮೊದಲ ಚಳಿಗಾಲ ಜ್ವರ ಬಂದು ಮಲಗಿದ್ದೆ. ಮನೆಯ ಒಡತಿ, ವಯಸ್ಸಾದಾಕೆ, ಬಿಸಿನೀರಿಗೆ ಸಕ್ಕರೆ, ನಿಂಬೆಯ ಹೋಳು, ನಾಲ್ಕು ಲವಂಗ ಹಾಕಿ ಒಂದಿಷ್ಟು ವಿಸ್ಕಿ ಬೆರೆಸಿ ತಂದುಕೊಟ್ಟಳು. ವಿಸ್ಕಿಯ ವಾಸನೆ ನನಗೆ ತಿಳಿಯಲೇ ಇಲ್ಲ. ಅಮ್ಮ ಮಾಡುತ್ತಿದ್ದ ಕಷಾಯದ ಲವಂಗ ಒಂದೇ ತಿಳಿಯಿತು.”

“ಹಾಗಾದರೆ ನೀವಿಬ್ಬರೂ ಇಷ್ಟು ಹೊತ್ತು ಜಗಳವಾಡಿದ್ದು ಬಚ್ಚಲಿಗೂ ಕಷಾಯಕ್ಕೂ!” ಎಂದಳು ಆಕೆ. ಎರಡು ಸೀಸೆಗಳನ್ನೂ ಒಂದೇ ಕಪಾಟಿನಲ್ಲಿಟ್ಟು ಊಟಕ್ಕೆ ಎಲೆ ಹಾಕಿದಳು.

ಆ ಬಿಸಿಪಾನೀಯವನ್ನು ಐರಿಷರು ‘ಹಾಟ್ ವಿಸ್ಕಿ’ ಎನ್ನುತ್ತಾರೆ. ಸ್ಕಾಟರು ಅದಕ್ಕೆ ‘ಟಾಡಿ’ ಎಂದು ಹೆಸರಿಟ್ಟಿದ್ದಾರೆ. ಆ ಹೆಸರಾದರೂ ಅವರದಲ್ಲ. ತಾಳೆಯ ಹೆಂಡಕ್ಕೆ ಹಿಂದಿಯಲ್ಲಿರುವ ‘ತಾಡಿ’ ಎಂಬ ಪದ ಹಡಗು ಹತ್ತಿ ಹೋಗಿ ಅಲ್ಲಿ ನೆಲೆಸಿದ್ದು.

ಒಬ್ಬ ಮನುಷ್ಯನ ರುಚಿಗೆ ಅವನ ನೆನಪು ಮೂಲವೆಂದರೆ ಒಪ್ಪಬಹುದು. ಆದರೆ ಇಡೀ ಒಂದು ದೇಶದ ರುಚಿಗೆ ಮೂಲವೇನು? ಸ್ವಭಾವವೆಂದು ಅಭಿಮಾನಿಗಳು ಹೇಳುತ್ತಾರೆ. ಚರಿತ್ರೆ ಬೇರೆಯದನ್ನು ಹೇಳುತ್ತದೆ. ಐರಿಷ್ ವಿಸ್ಕಿಯೆಂದೊಡನೆ ಜಗತ್ತಿನ ಬಾಯಿಗೆ ಬರುವ ಹೆಸರು ಜೇಮ್ಸನ್. ಡಬ್ಲಿನ್ನಿನ ಬೋ ಸ್ಟ್ರೀಟ್ ಭಟ್ಟಿ 1780ರಲ್ಲಿ ಆರಂಭವಾಯಿತೆಂದು ಆ ಸೀಸೆಯ ಮೇಲೆಯೇ ಅಚ್ಚಾಗಿರುತ್ತದೆ. ಅದಕ್ಕೆ ಹೆಸರು ಕೊಟ್ಟ ಜಾನ್ ಜೇಮ್ಸನ್ ಐರಿಷನಲ್ಲ; ಸ್ಕಾಟ್ಲೆಂಡಿನ ಅಲೋವಾ ಎಂಬ ಊರಿನವನು. ಅವನ ಹೆಂಡತಿ ಮಾರ್ಗರೆಟ್, ಸ್ಕಾಟ್ಲೆಂಡಿನ ಪ್ರಸಿದ್ಧ ವಿಸ್ಕಿ ಮನೆತನವಾದ ಹೇಗ್ ವಂಶದ ಮಗಳು. ಐರ್ಲೆಂಡಿನ ಅಭಿಮಾನದ ಕಳಶವನ್ನು ಹೊತ್ತು ತಂದದ್ದು ಒಂದು ಸ್ಕಾಟಿಷ್ ದಂಪತಿ.

ಸಾಲ ಅಲ್ಲಿಗೇ ಮುಗಿಯಲಿಲ್ಲ, ಬಡ್ಡಿಸಹಿತ ತೀರಿತು. ಐರ್ಲೆಂಡಿನ ಅಬಕಾರಿ ಇಲಾಖೆಯಲ್ಲಿ ಈನಿಯಸ್ ಕಾಫಿ ಎಂಬ ಅಧಿಕಾರಿಯಿದ್ದನು. ಹೆಸರು ಕಾಫಿ, ಕಸುಬು ವಿಸ್ಕಿಯ ಕಾವಲು. ತರುಣನಾಗಿದ್ದಾಗ, 1810ರಲ್ಲಿ, ಡೊನೆಗಾಲ್ ಪ್ರಾಂತದಲ್ಲಿ ಕಳ್ಳಭಟ್ಟಿಯವರ ಕೈಗೆ ಸಿಕ್ಕಿ ಪ್ರಾಣಾಪಾಯದಿಂದ ಪಾರಾದವನು. ಕೆಲಸ ಬಿಟ್ಟ ಮೇಲೆ ಅವನು ಭಟ್ಟಿಯನ್ನೇ ಸುಧಾರಿಸಲು ಕುಳಿತು, 1830ರಲ್ಲಿ ಹೊಸ ಯಂತ್ರವೊಂದಕ್ಕೆ ಪೇಟೆಂಟ್ ಪಡೆದನು. ಹಂಡೆಯಾದರೆ ಪ್ರತಿಸಲವೂ ತುಂಬಿ, ಕಾಸಿ, ಬರಿದುಮಾಡಬೇಕು. ಅವನ ಗೋಪುರದಂಥ ಯಂತ್ರದಲ್ಲಿ ಒಂದು ಕಡೆಯಿಂದ ಹುಳಿತಿಳಿ ಸುರಿಯುತ್ತಿದ್ದರೆ ಇನ್ನೊಂದು ಕಡೆಯಿಂದ ಮದ್ಯ ನಿಲ್ಲದೆ ಹರಿಯುತ್ತದೆ. ಮೊಳಕೆಯಿಲ್ಲದ ಅಗ್ಗದ ಧಾನ್ಯವೂ ಆಗುತ್ತದೆ, ಉರುವಲೂ ಉಳಿಯುತ್ತದೆ. ಆದರೆ ಹಾಗೆ ಬಂದ ಮದ್ಯದಲ್ಲಿ ರುಚಿ ಬಹಳ ಮಟ್ಟಿಗೆ ತೆಳು.

ಡಬ್ಲಿನ್ನಿನ ದೊಡ್ಡ ಭಟ್ಟಿಗಳ ಒಡೆಯರು ಅದನ್ನು ಮೂಸಿ ಮುಖ ತಿರುಗಿಸಿದರು. ಆ ಕಾಲಕ್ಕೆ ಅವರ ವಿಸ್ಕಿಗಿದ್ದ ಗೌರವ ಸ್ಕಾಟರದಕ್ಕಿರಲಿಲ್ಲ. ಕಾರ್ಕ್ ನಗರದ ಬಳಿಯ ಮಿಡಲ್‌ಟನ್ನಿನಲ್ಲಿ 31,618 ಗ್ಯಾಲನ್ ಹಿಡಿಯುವ ತಾಮ್ರದ ಹಂಡೆಯಿತ್ತು. ಅಷ್ಟು ದೊಡ್ಡ ಹಂಡೆ ಜಗತ್ತಿನಲ್ಲಿ ಬೇರೆಲ್ಲಿಯೂ ಇರಲಿಲ್ಲ. ಅಂಥವರಿಗೆ ಗೋಪುರದ ಮದ್ಯವೇಕೆ?

ಸ್ಕಾಟರು ಹಾಗೆನ್ನಲಿಲ್ಲ. ಎರಡು ಬಗೆಯ ಮದ್ಯಗಳನ್ನು ಬೆರೆಸಲು 1860ರ ಕಾನೂನು ಅನುಕೂಲ ಮಾಡಿಕೊಟ್ಟಾಗ, ಅಲ್ಲಿನ ದಿನಸಿ ಅಂಗಡಿಯವರು ಕೈಹಾಕಿದರು. ಕಿಲ್ಮಾರ್ನಕ್ ಊರಿನಲ್ಲಿ 1820ರಲ್ಲಿ ಅಂಗಡಿ ತೆರೆದಿದ್ದ ಜಾನ್ ವಾಕರನ ಮನೆತನ ಅಂಥವರಲ್ಲೊಂದು. ಕಾಫಿಪುಡಿಯ ಅಂಗಡಿಯವನು ಪೀಬೆರಿಗೆ ಇಷ್ಟು, ಪ್ಲಾಂಟೇಷನ್ನಿಗೆ ಇಷ್ಟು, ಚಿಕೋರಿಗೆ ಇಷ್ಟು ಎಂದು ಹದ ಹಿಡಿಯುವಂತೆ, ಅವರು ಹೊಗೆಯ ಒರಟು ವಿಸ್ಕಿಗೆ ಗೋಪುರದ ತೆಳು ಮದ್ಯವನ್ನು ಸೇರಿಸಿ, ವರ್ಷವೆಲ್ಲ ಒಂದೇ ರುಚಿಯಲ್ಲಿರುವ, ಕೈಗೆಟುಕುವ ಬೆಲೆಯ ಪಾನೀಯವನ್ನು ಸಿದ್ಧಪಡಿಸಿದರು. ಫ್ರಾನ್ಸಿನ ದ್ರಾಕ್ಷಿತೋಟಗಳು ಕೀಟಬಾಧೆಯಿಂದ ಹಾಳಾಗಿ ಬ್ರಾಂದಿ ದುರ್ಲಭವಾದಾಗ, ಆ ಜಾಗಕ್ಕೆ ಇವರ ಸೀಸೆಗಳು ಬಂದು ಕುಳಿತವು. ಸ್ಕಾಟರ ಸಾಮ್ರಾಜ್ಯವನ್ನು ಕಟ್ಟಿದ್ದು ಒಬ್ಬ ಐರಿಷನ ಯಂತ್ರ.

ಡಬ್ಲಿನ್ನಿನ ನಾಲ್ಕು ದೊಡ್ಡ ಮನೆತನಗಳು 1878ರಲ್ಲಿ ಒಂದು ಪುಸ್ತಕವನ್ನೇ ಪ್ರಕಟಿಸಿ, ಗೋಪುರದಿಂದ ಬಂದದ್ದು ವಿಸ್ಕಿಯೇ ಅಲ್ಲವೆಂದು ವಾದಿಸಿದವು. ವಿಷಯ ಕೋರ್ಟು ಕಚೇರಿಗಳನ್ನು ಹತ್ತಿ, ಕಡೆಗೆ ರಾಯಲ್ ಕಮಿಷನ್ನಿನ ಮುಂದೆ ಬಂದಿತು. 1909ರಲ್ಲಿ ಹೊರಬಿದ್ದ ತೀರ್ಮಾನ ಐರಿಷರಿಗೆ ವಿರುದ್ಧವಾಯಿತು: ಗೋಪುರದ ಮದ್ಯವೂ ವಿಸ್ಕಿಯೇ, ಬೆರಕೆಯೂ ವಿಸ್ಕಿಯೇ. ಅದರ ಮೇಲೆ ಕಷ್ಟಗಳು ಒಂದರ ಹಿಂದೊಂದು ಬಂದವು. ಸ್ವಾತಂತ್ರ್ಯಸಮರ ಬಂದಿತು, 1920ರಿಂದ 1933ರವರೆಗೆ ಅಮೆರಿಕದಲ್ಲಿ ಪಾನನಿಷೇಧವಾಗಿ ದೊಡ್ಡ ಮಾರುಕಟ್ಟೆ ಮುಚ್ಚಿತು, 1932ರಿಂದ 1938ರವರೆಗೆ ಬ್ರಿಟನ್ನಿನೊಡನೆ ವ್ಯಾಪಾರದ ಕಲಹ ನಡೆಯಿತು. 1887ರ ಸಮೀಕ್ಷೆಯೊಂದರಲ್ಲಿ ಐರ್ಲೆಂಡಿನ 28 ಭಟ್ಟಿಗಳು ವರ್ಣಿತವಾಗಿದ್ದವು. ಉಳಿದ ಕಂಪನಿಗಳು 1966ರಲ್ಲಿ ಒಂದಾದವು. ಡಬ್ಲಿನ್ನಿನ ಕೊನೆಯ ಭಟ್ಟಿ 1976ರಲ್ಲಿ ಆರಿತು. 1980ರ ವೇಳೆಗೆ ಇಡೀ ದ್ವೀಪದಲ್ಲಿ ಉರಿಯುತ್ತಿದ್ದವು ಎರಡೇ—ದಕ್ಷಿಣದಲ್ಲಿ ಮಿಡಲ್‌ಟನ್, ಉತ್ತರದಲ್ಲಿ ಬುಷ್‌ಮಿಲ್ಸ್.

ಹಾಗಾದರೆ ಐರಿಷರದು ಮೂರ್ಖತನವೇ? ವ್ಯಾಪಾರಿಯ ಲೆಕ್ಕದಲ್ಲಿ ಹೌದು. ಆದರೆ ಲೆಕ್ಕದ ಪುಸ್ತಕವನ್ನು ಮುಚ್ಚಿ ನೋಡಿದರೆ ಇನ್ನೊಂದು ಮಾತು ಹೊಳೆಯುತ್ತದೆ. ಅವರು ಹಟ ಹಿಡಿದು ಬಿಡದೆ ಇದ್ದುದರಿಂದಲೇ ಹಸಿ ಬಾರ್ಲಿಯ ಆ ಬೆಣ್ಣೆಯಂಥ ವಿಸ್ಕಿ ತೀರ ಅಳಿಯದೆ ಮಿಡಲ್‌ಟನ್ನಿನ ಹಂಡೆಯಲ್ಲಿ ಜೀವ ಹಿಡಿದುಕೊಂಡಿತು. ಮುಂದೆ ಜನರ ಒಲವು ತಿರುಗಿದಾಗ ಅದೇ ಅವರ ಕೈಹಿಡಿಯಿತು. ಇಂದು ಆ ದ್ವೀಪದಲ್ಲಿ ಮತ್ತೆ ಹತ್ತಾರು ಭಟ್ಟಿಗಳು ಎದ್ದಿವೆ. ಡಬ್ಲಿನ್ನಿನ ಹಳೆಯ ಲಿಬರ್ಟೀಸ್ ಬಡಾವಣೆಯಲ್ಲಿ 2015ರಲ್ಲಿ ಹೊಸದೊಂದು ಉರಿಯತೊಡಗಿತು. ಸ್ಕಾಟರು ಬದಲಾಗಿ ಗೆದ್ದರು. ಐರಿಷರು ಬದಲಾಗದೆ ಸೋತು, ಸೋತದ್ದರಿಂದಲೇ ಒಂದನ್ನು ಉಳಿಸಿಕೊಂಡರು. ಲೋಕಕ್ಕೆ ಎರಡು ಬಗೆಯವರೂ ಬೇಕು.

ಆ ಲಿಬರ್ಟೀಸ್ ಬಡಾವಣೆ ಇನ್ನೊಂದು ಪಾಠವನ್ನೂ ಕಂಡಿದೆ. 1875ರ ಜೂನ್ 18ರ ರಾತ್ರಿ ಅಲ್ಲಿನ ಉಗ್ರಾಣಕ್ಕೆ ಬೆಂಕಿ ಬಿದ್ದು, ಪೀಪಾಯಿಗಳೊಡೆದು, ಉರಿಯುವ ವಿಸ್ಕಿ ಬೀದಿಯಲ್ಲಿ ಹೊಳೆಯಾಗಿ ಹರಿಯಿತು. ಜನರು ಟೋಪಿಯಲ್ಲಿ, ಬೂಟಿನಲ್ಲಿ ಮೊಗೆದು ಕುಡಿದರು. ಸತ್ತವರು ಹದಿಮೂರು ಮಂದಿ; ಬೆಂಕಿಯಿಂದ ಸತ್ತವರು ಒಬ್ಬರೂ ಇಲ್ಲ, ಎಲ್ಲರೂ ಕುಡಿದು ಸತ್ತವರು. ಅದಕ್ಕೂ ಮೊದಲೇ, 1838ರಲ್ಲಿ, ಕಾರ್ಕ್ ನಗರದ ಫಾದರ್ ಮ್ಯಾಥ್ಯೂ ಎಂಬ ಪಾದ್ರಿಯು ಪಾನವಿರೋಧದ ಆಂದೋಲನವನ್ನು ಆರಂಭಿಸಿ, ಲಕ್ಷಾಂತರ ಐರಿಷರಿಂದ ಮದ್ಯ ಮುಟ್ಟುವುದಿಲ್ಲವೆಂದು ಪ್ರತಿಜ್ಞೆ ಮಾಡಿಸಿದ್ದನು. ಬೂಟಿನಲ್ಲಿ ಮೊಗೆದವನಿಗೆ ಅದು ಎರಡು ಸಲ ಇಳಿಸಿದ್ದೋ ಮೂರು ಸಲವೋ ಎಂಬ ಚಿಂತೆಯಿರಲಿಲ್ಲ. ರುಚಿಯ ಮಾತು ನಡೆಯುವುದು ಮಿತಿಯಿರುವ ಕಡೆಯಲ್ಲಿ ಮಾತ್ರ. ಮಿತಿ ತಪ್ಪಿದ ಮೇಲೆ ಐರ್ಲೆಂಡೂ ಒಂದೇ, ಸ್ಕಾಟ್ಲೆಂಡೂ ಒಂದೇ.

ಈ ಎರಡು ದೇಶಗಳ ಕಥೆಗೆ ಈಚೆಗೆ ಬೆಂಗಳೂರಿನ ಒಂದು ಸಾಲೂ ಸೇರಿದೆ. ಬೆಂಗಳೂರಿನ ಅಮೃತ್ ಭಟ್ಟಿಯವರು ತಮ್ಮ ಸಿಂಗಲ್ ಮಾಲ್ಟ್ ವಿಸ್ಕಿಯನ್ನು ಮೊದಲು ಮಾರಾಟಕ್ಕಿಟ್ಟದ್ದು ಬೆಂಗಳೂರಿನಲ್ಲಲ್ಲ, ಸ್ಕಾಟರ ಅಂಗಳವಾದ ಗ್ಲಾಸ್ಗೋದಲ್ಲಿ, 2004ರಲ್ಲಿ. ಪೀಪಾಯಿಯಿಂದ ವರ್ಷವರ್ಷವೂ ಆವಿಯಾಗಿ ಹೋಗುವ ಅಂಶವನ್ನು ಸ್ಕಾಟರು ‘ದೇವದೂತರ ಪಾಲು’ ಎನ್ನುತ್ತಾರೆ. ಅಲ್ಲಿನ ಚಳಿಯಲ್ಲಿ ಅದು ನೂರಕ್ಕೆ ಎರಡರಷ್ಟು. ಬೆಂಗಳೂರಿನ ಹವೆಯಲ್ಲಿ ಹತ್ತಕ್ಕೂ ಮೇಲೆ. ಆದ್ದರಿಂದ ಇಲ್ಲಿನದು ಬೇಗ ಹದಕ್ಕೆ ಬರುತ್ತದೆ, ಬೇಗ ಕರಗಿಯೂ ಹೋಗುತ್ತದೆ. ಅವರು 2009ರಲ್ಲಿ ಹೊರತಂದ ‘ಫ್ಯೂಷನ್’ ಎಂಬ ಬಗೆಯಲ್ಲಿ ಭಾರತದ ಬಾರ್ಲಿಯೂ, ಪೀಟಿನ ಹೊಗೆ ಕುಡಿದ ಸ್ಕಾಟ್ಲೆಂಡಿನ ಬಾರ್ಲಿಯೂ ಒಂದೇ ಸೀಸೆಯಲ್ಲಿ ಕೂಡಿವೆ.

ಹೊಗೆ ಮೇಲೋ ನುಣುಪು ಮೇಲೋ ಎಂಬ ಪ್ರಶ್ನೆ ಇನ್ನೂ ಇತ್ಯರ್ಥವಾಗಿಲ್ಲ, ಆಗುವುದೂ ಬೇಡ. ತನಗೆ ರುಚಿಸಿದ್ದನ್ನು ಮೆಚ್ಚಿಕೊಳ್ಳುವುದು ಮನುಷ್ಯನ ಹಕ್ಕು. ಆದರೆ ಆ ರುಚಿಯನ್ನು ತನಗೆ ತಂದುಕೊಟ್ಟವರಲ್ಲಿ ಉರುವಲಿಲ್ಲದ ಬಡವನಿದ್ದಾನೆ, ತೆರಿಗೆ ಹಾಕಿದ ಅಧಿಕಾರಿಯಿದ್ದಾನೆ, ಕಡಲು ದಾಟಿ ಬಂದ ಅಳಿಯನಿದ್ದಾನೆ, ನೀರು ಕಾಸಿದ ಅಜ್ಜನಿದ್ದಾನೆ ಎಂದು ತಿಳಿದವನು ನೆರೆಯವನ ಲೋಟವನ್ನು ಹಳಿಯುವ ಮೊದಲು ಒಂದು ಗಳಿಗೆ ತಡೆಯುತ್ತಾನೆ. ಹುಳಿಗೆ ಬೆಲ್ಲ ಹಾಕುವ ಬೀಗರ ಮನೆಯಲ್ಲಿ ಎಲೆಯ ಮುಂದೆ ಕುಳಿತಾಗಲೂ ಅಷ್ಟು ತಡೆದರೆ ಸಾಕು. ಊಟ ಸುಖವಾಗಿ ಮುಗಿಯುತ್ತದೆ.